ಹುಟ್ಟಿದ ವರ್ಷದ ಪ್ರಾಣಿ

ಚೀನಾ ದೇಶದಲ್ಲಿ ಪ್ರತಿ ವರ್ಷಕ್ಕೂ ಒಂದೊಂದು ಪ್ರಾಣಿಯ ಹೆಸರಿದೆ. ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಆಡು, ಕೋತಿ, ಹುಂಜ, ನಾಯಿ, ಹಂದಿ ಎಂದು ಒಟ್ಟು ಹನ್ನೆರಡು ಪ್ರಾಣಿಗಳು. ಹನ್ನೆರಡು ವರ್ಷ ಕಳೆದ ಮೇಲೆ ಮತ್ತೆ ಇಲಿಯ ಸರದಿ ಬರುತ್ತದೆ. 2024 ಡ್ರ್ಯಾಗನ್ ವರ್ಷ, 2025 ಹಾವಿನ ವರ್ಷ, 2026 ಕುದುರೆಯ ವರ್ಷ.

ಪುಟ್ಟ ಇಲಿಗೆ ಮೊದಲ ಸ್ಥಾನ ಹೇಗೆ ಸಿಕ್ಕಿತು? ಅದಕ್ಕೊಂದು ಕಥೆಯಿದೆ. ಸ್ವರ್ಗದ ದೊರೆ ಪ್ರಾಣಿಗಳಿಗೆ ಓಟದ ಪಂದ್ಯ ಇಟ್ಟನಂತೆ. ದಾರಿಯಲ್ಲಿ ನದಿ ದಾಟಬೇಕಿತ್ತು. ಇಲಿ ಉಪಾಯದಿಂದ ಎತ್ತಿನ ಬೆನ್ನೇರಿತು. ದಡ ಸೇರಿದ ಕೂಡಲೇ ಮುಂದಕ್ಕೆ ಜಿಗಿದು ಗೆದ್ದುಬಿಟ್ಟಿತು!

ಈ ಪ್ರಾಣಿಗಳು ಚೀನಾದ ಕಲೆಯಲ್ಲಿಯೂ ಬೆರೆತಿವೆ. ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಸಮಾಧಿಗಳಲ್ಲಿ ಮಣ್ಣಿನ ಬೊಂಬೆಗಳು ಸಿಕ್ಕಿವೆ. ಅವುಗಳಿಗೆ ಮನುಷ್ಯನ ಮೈ, ಪ್ರಾಣಿಯ ತಲೆ, ಉದ್ದನೆಯ ನಿಲುವಂಗಿ! ಬೀಜಿಂಗ್ ನಗರದ ಹಳೆಯ ಬೇಸಿಗೆ ಅರಮನೆಯಲ್ಲಿ ಒಂದು ಕಾರಂಜಿ ಇತ್ತು. ಅಲ್ಲಿ ಕಂಚಿನ ತಲೆಯ ಹನ್ನೆರಡು ಪ್ರಾಣಿಗಳು ಎರಡೆರಡು ಗಂಟೆಗೊಂದರಂತೆ ಸರದಿಯಲ್ಲಿ ಬಾಯಿಂದ ನೀರು ಚಿಮ್ಮಿಸುತ್ತಿದ್ದವು. ನೋಡಿದವರಿಗೆ ಹೊತ್ತೆಷ್ಟೆಂದು ತಿಳಿಯುತ್ತಿತ್ತು. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರು ಆ ಅರಮನೆಯನ್ನು ಕೊಳ್ಳೆ ಹೊಡೆದು ಸುಟ್ಟರು. ಮುಂದೆ ಆ ತಲೆಗಳು ದೇಶ ವಿದೇಶಗಳಿಗೆ ಚೆದುರಿಹೋದವು. ಅವುಗಳಲ್ಲಿ ಏಳು ಈಗ ಚೀನಾಕ್ಕೆ ಮರಳಿವೆ.

ಕಥೆ ಚೆನ್ನಾಗಿದೆ, ಕಲೆಯೂ ಚೆನ್ನಾಗಿದೆ. ಇವನ್ನು ಉಳಿಸಿಕೊಳ್ಳಲೇಬೇಕು. ಆದರೆ ಹುಟ್ಟಿದ ವರ್ಷದ ಪ್ರಾಣಿಯನ್ನು ನೋಡಿ ಮನುಷ್ಯರ ಗುಣ ಹೇಳುವುದು ಸರಿಯಲ್ಲ.

ಇದಕ್ಕೆ ಜಪಾನ್ ದೇಶದ ಉದಾಹರಣೆ ನೋಡಿರಿ. ಚೀನಾದ ಈ ಪದ್ಧತಿ ಜಪಾನಿಗೂ ಹೋಗಿತ್ತು. ಅಲ್ಲಿ 60 ವರ್ಷಗಳಿಗೊಮ್ಮೆ 'ಬೆಂಕಿ ಕುದುರೆ'ಯ ವರ್ಷ ಬರುತ್ತದೆ. ಆ ವರ್ಷ ಹುಟ್ಟಿದ ಹೆಣ್ಣುಮಕ್ಕಳು ಹಠಮಾರಿಗಳು, ಗಂಡನಿಗೆ ಕೇಡು ತರುವವರು ಎಂದು ಜನ ನಂಬಿದ್ದರು. 1965ರಲ್ಲಿ ಜಪಾನಿನಲ್ಲಿ ಸುಮಾರು 18 ಲಕ್ಷ ಮಕ್ಕಳು ಹುಟ್ಟಿದ್ದರು. ಬೆಂಕಿ ಕುದುರೆಯ ವರ್ಷವಾದ 1966ರಲ್ಲಿ ಹುಟ್ಟಿದವರು 14 ಲಕ್ಷಕ್ಕಿಂತ ಕಡಿಮೆ. ಮರುವರ್ಷ ಆ ಸಂಖ್ಯೆ 19 ಲಕ್ಷ ದಾಟಿತು. ಹೆಣ್ಣುಮಗು ಹುಟ್ಟೀತೆಂಬ ಭಯ ಎಷ್ಟೊಂದು ಮನೆಗಳಲ್ಲಿತ್ತು! ಇನ್ನೂ ಹುಟ್ಟದ ಮಗು ಏನು ತಪ್ಪು ಮಾಡಿತ್ತು?

"ಹಿರಿಯರ ನಂಬಿಕೆ ಸುಳ್ಳಾಗುವುದೇ?" ಎಂದು ಕೆಲವರು ಕೇಳಬಹುದು. ವಿಯೆಟ್ನಾಮಿನಲ್ಲಿ ಮೊಲದ ಬದಲು ಬೆಕ್ಕಿನ ವರ್ಷವಿದೆ. 2023ರಲ್ಲಿ ಹುಟ್ಟಿದ ಮಗು ಚೀನಾದಲ್ಲಿ ಮೊಲ, ವಿಯೆಟ್ನಾಮಿನಲ್ಲಿ ಬೆಕ್ಕು! ಗಡಿ ದಾಟಿದರೆ ಮಗುವಿನ ಗುಣ ಬದಲಾಗುವುದೇ?

ದೂರದ ಮಾತೇಕೆ? ಮಕ್ಕಳೇ, ನಿಮ್ಮ ತರಗತಿಯನ್ನೇ ನೋಡಿರಿ. ನಿಮ್ಮಲ್ಲಿ ಹೆಚ್ಚಿನವರು ಒಂದೇ ವರ್ಷ ಹುಟ್ಟಿದವರು. ಆದರೂ ಒಬ್ಬಳು ಚೆನ್ನಾಗಿ ಹಾಡುತ್ತಾಳೆ. ಒಬ್ಬನು ಲೆಕ್ಕದಲ್ಲಿ ಜಾಣ. ಒಬ್ಬನು ಮಾತಿನಮಲ್ಲ, ಇನ್ನೊಬ್ಬಳು ಸದಾ ಮೌನಿ. ಹುಟ್ಟಿದ ವರ್ಷವೇ ಗುಣವನ್ನು ಕೊಡುವುದಾದರೆ ನೀವೆಲ್ಲರೂ ಒಂದೇ ತರಹ ಇರಬೇಕಿತ್ತಲ್ಲವೇ?

ಈ ಹನ್ನೆರಡು ಪ್ರಾಣಿಗಳ ಕಥೆ ಕೇಳೋಣ, ಚಿತ್ರ ಬರೆಯೋಣ, ಬೊಂಬೆ ಮಾಡೋಣ. ಆದರೆ ಒಬ್ಬರ ಗುಣವನ್ನು ಅವರ ನಡೆನುಡಿಯಿಂದಲೇ ತಿಳಿಯೋಣ.