ಗಡಿ ದಾಟಿದರೆ ದುಡಿಮೆ ಸುಳ್ಳಾಗುವುದೆ?

ಹತ್ತು ವರ್ಷ ಮಗ್ಗದ ಮುಂದೆ ನಿಂತ ನೇಕಾರನೊಬ್ಬ ಬೇರೆ ಊರಿನ ಮಿಲ್ಲು ಸೇರಿದನೆಂದು ಇಟ್ಟುಕೊಳ್ಳಿರಿ. ಎಳೆ ತುಂಡಾದರೆ ಅವನ ಬೆರಳು ಮೊದಲಿನಷ್ಟೇ ಚುರುಕಾಗಿ ಗಂಟು ಹಾಕುತ್ತದೆ. ಆದರೆ ಹೊಸ ಮಿಲ್ಲಿನ ಹಾಜರಿ ಪುಸ್ತಕದಲ್ಲಿ ಅವನು ಬದಲಿ ಕೆಲಸಗಾರ, ಸಂಬಳ ಹೊಸಬನ ಸಂಬಳ. ದುಡಿಸಿಕೊಳ್ಳುವಾಗ ಅನುಭವ ಬೇಕು, ಕಾಸು ಎಣಿಸುವಾಗ ಬೇಡ. ಕೊಳ್ಳಲು ಒಂದು ತಕ್ಕಡಿ, ಕೊಡಲು ಇನ್ನೊಂದು ತಕ್ಕಡಿ ಇಟ್ಟ ವ್ಯಾಪಾರಿಯನ್ನು ಸಂತೆಯಲ್ಲಿ ಏನೆಂದು ಕರೆಯುತ್ತಾರೆಂಬುದು ನಮ್ಮ ಅಂಗಡಿಕಾರ ಬಂಧುಗಳಿಗೆ ಗೊತ್ತು.

ಉಪಾಧ್ಯಾಯರ ಪಾಡೂ ಇದೇ. ನಾನೂ ಸೀಮೆಸುಣ್ಣ ಹಿಡಿದವನು. ಒಂದು ಶಾಲೆ ಬಿಟ್ಟು ಇನ್ನೊಂದಕ್ಕೆ ಹೋದಾಗ ನನ್ನ ಹಿಂದಿನ ಮೂರು ವರ್ಷ ಲೆಕ್ಕಕ್ಕೆ ಬರಲಿಲ್ಲ. ಊರಿನಿಂದ ಊರಿಗೇ ಹೀಗಾದರೆ, ದೇಶದಿಂದ ದೇಶಕ್ಕೆ ಹೋದವನ ಗತಿ ಏನು? ಪರದೇಶದಲ್ಲಿ ಪಾಠ ಹೇಳಿದ ವರ್ಷಗಳನ್ನು ಸರ್ಕಾರಿ ಶಾಲೆಯ ಸಂಬಳಕ್ಕೆ ಹಿಡಿಯಬೇಕೆ, ಬೇಡವೆ?

ಯೂರೋಪಿನಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಆಸ್ಟ್ರಿಯಾದಲ್ಲಿ ಕರಾರಿನ ಮೇಲೆ ದುಡಿಯುವ ಸರ್ಕಾರಿ ಉಪಾಧ್ಯಾಯರಿಗೆ 1948ರ ಕಾನೂನಿನ ಪ್ರಕಾರ ಹಿಂದಿನ ಸೇವೆ ನೋಡಿ ಸಂಬಳ ಗೊತ್ತುಮಾಡುತ್ತಿದ್ದರು. ಸ್ವದೇಶದ ಶಾಲೆಯ ವರ್ಷಗಳು ತಾವಾಗಿಯೇ ಪೂರ್ತಿ ಜಮೆಯಾಗುತ್ತಿದ್ದವು. ಹೊರದೇಶದ ವರ್ಷಗಳು ಪೂರ್ತಿ ಜಮೆಯಾಗಬೇಕಾದರೆ ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ಸರ್ಕಾರ ಒಪ್ಪಬೇಕಿತ್ತು. ಹಕ್ಕಾಗಬೇಕಾದದ್ದು ಅಧಿಕಾರಿಯ ಕೃಪೆಯಾಗಿತ್ತು.

1995ರಲ್ಲಿ ಆಸ್ಟ್ರಿಯಾ ಯೂರೋಪ್ ಒಕ್ಕೂಟ ಸೇರಿತು. ಅಲ್ಲಿಯ ಸರ್ಕಾರಿ ನೌಕರರ ಕಾರ್ಮಿಕ ಸಂಘ ಸುಮ್ಮನೆ ಕೂರಲಿಲ್ಲ. ಕನಿಷ್ಠ ಮೂವರು ಕೆಲಸಗಾರರಿಗೆ ಸಂಬಂಧಿಸಿದ ತಕರಾರಾದರೆ ಸಂಘವೇ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಬಹುದೆಂದು ಅಲ್ಲಿಯ ಕಾನೂನು ಹೇಳುತ್ತದೆ. ಸಂಘ ಹಾಗೆಯೇ ಮಾಡಿತು. ಒಬ್ಬಂಟಿ ಮೇಷ್ಟರು ಮೇಲಧಿಕಾರಿಯ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾಗಲಿಲ್ಲ. ಪ್ರಶ್ನೆ ಲಕ್ಸೆಂಬರ್ಗಿನ ಯೂರೋಪ್ ನ್ಯಾಯಾಲಯಕ್ಕೆ ಹೋಯಿತು. 2000ನೇ ಇಸವಿ ನವೆಂಬರ್ 30ರಂದು ತೀರ್ಪು ಬಂತು: ಒಕ್ಕೂಟದ ಬೇರೆ ದೇಶದ ಸಮಾನ ಶಾಲೆಗಳಲ್ಲಿ ಮಾಡಿದ ಸೇವೆಗೆ ಸ್ವದೇಶದ ಸೇವೆಗಿಂತ ಕಠಿಣ ಷರತ್ತು ಹಾಕಕೂಡದು. ಆಸ್ಟ್ರಿಯಾ ಒಕ್ಕೂಟ ಸೇರುವ ಮುಂಚಿನ ವರ್ಷಗಳನ್ನೂ ಬಿಡುವಂತಿಲ್ಲ.

ಎದುರುವಾದಗಳಿಲ್ಲದೆ ಇಲ್ಲ. ಪರದೇಶದ ಶಾಲೆ ಎಂಥದೋ ಯಾರಿಗೆ ಗೊತ್ತು ಎನ್ನುತ್ತಾರೆ. ಸರಿ, ಕಾಗದಪತ್ರ ಕೇಳಿರಿ, ವಿಚಾರಣೆ ಮಾಡಿರಿ. ತೀರ್ಪು ಕೂಡ ಸಮಾನ ಶಾಲೆಗಳ ಮಾತನ್ನೇ ಆಡಿತು. ಪರೀಕ್ಷಿಸುವುದು ಬೇರೆ, ಪರೀಕ್ಷಿಸದೆಯೇ ತಳ್ಳಿಹಾಕುವುದು ಬೇರೆ. ಇನ್ನು ಕೆಲವರು, ಒಂದೇ ಕಡೆ ನಿಷ್ಠೆಯಿಂದ ನಿಂತವನಿಗೆ ಹೆಚ್ಚಿನ ಭತ್ಯ ಕೊಟ್ಟರೆ ತಪ್ಪೇನು ಎನ್ನುತ್ತಾರೆ. ಆಸ್ಟ್ರಿಯಾದ್ದೇ ಇನ್ನೊಂದು ಮೊಕದ್ದಮೆಯಲ್ಲಿ, ಹದಿನೈದು ವರ್ಷ ಸೇವೆ ಮಾಡಿದ ಪ್ರಾಧ್ಯಾಪಕರ ಭತ್ಯದ ಬಗ್ಗೆ ಸರ್ಕಾರ ಇದೇ ವಾದ ಹೂಡಿತ್ತು. ಆದರೆ ಆ ಭತ್ಯ ಸ್ವದೇಶದೊಳಗೆ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋದವನಿಗೂ ಸಿಗುತ್ತಿತ್ತು. ಗಡಿ ದಾಟಿದವನಿಗೆ ಮಾತ್ರ ಇಲ್ಲ. 2003ರಲ್ಲಿ ನ್ಯಾಯಾಲಯ ಈ ನೆಪವನ್ನು ಒಪ್ಪಲಿಲ್ಲ.

ಇಷ್ಟಕ್ಕೇ ಹಿಗ್ಗಬೇಕಾಗಿಲ್ಲ. ಈ ತೀರ್ಪುಗಳ ರಕ್ಷಣೆ ಒಕ್ಕೂಟದ ದೇಶಗಳಲ್ಲಿ ಮಾಡಿದ ಸೇವೆಗೆ. ಬೇಲಿಯನ್ನು ಕಿತ್ತೊಗೆಯಲಿಲ್ಲ, ಒಂದಷ್ಟು ಹಿಂದಕ್ಕೆ ಸರಿಸಿ ನೆಟ್ಟರು. ಭಾರತದ ಉಪಾಧ್ಯಾಯ ಇನ್ನೂ ಅದರ ಆಚೆಯೇ ಇದ್ದಾನೆ.

ಒಕ್ಕೂಟ ಬಿಟ್ಟುಹೋದ ಇಂಗ್ಲೆಂಡಿನ ಸಂಗತಿ ನೋಡಿರಿ. ಅಲ್ಲಿ ಉಪಾಧ್ಯಾಯರ ಅಭಾವವಿದೆ. 2023ರ ಫೆಬ್ರವರಿಯಿಂದ, ಭಾರತದಲ್ಲಿ ತರಬೇತಿ ಪಡೆದ ಗಣಿತ, ವಿಜ್ಞಾನ, ಭಾಷಾ ಉಪಾಧ್ಯಾಯರು ಅಲ್ಲಿಯ ಉಪಾಧ್ಯಾಯ ಅರ್ಹತೆಗೆ ನೇರವಾಗಿ ಅರ್ಜಿ ಹಾಕಬಹುದಾಯಿತು. ಬಾಗಿಲು ತೆರೆಯಿತು, ಸಂತೋಷ. ಆದರೆ ಸಂಬಳ? ಹಿಂದಿನ ಸಂಬಳದ ಮೆಟ್ಟಿಲನ್ನು ಹೊಸ ಶಾಲೆಯೂ ಉಳಿಸಬೇಕೆಂಬ ಕಟ್ಟಳೆಯನ್ನು ಆ ಸರ್ಕಾರ 2013ರಲ್ಲೇ ತನ್ನ ಉಪಾಧ್ಯಾಯರಿಗೂ ಇಲ್ಲವಾಗಿಸಿತು. ಹತ್ತು ವರ್ಷ ಗಣಿತ ಹೇಳಿದವನನ್ನು ಯಾವ ಮೆಟ್ಟಿಲಿನ ಮೇಲೆ ನಿಲ್ಲಿಸಬೇಕೆಂಬುದು ಶಾಲೆಯ ಆಡಳಿತದವರ ಮರ್ಜಿ. ಪರದೇಶದವನಿಗೆ ಹಕ್ಕಿಲ್ಲದ ಕಡೆ ಸ್ವದೇಶದವನ ಹಕ್ಕೂ ಬಹಳ ದಿನ ಬಾಳುವುದಿಲ್ಲ. ಅಗ್ಗದ ಸಂಬಳಕ್ಕೆ ಅನುಭವಸ್ಥ ಸಿಗುವಾಗ ಸರಿಯಾದ ಸಂಬಳ ಕೊಡುವವರು ಯಾರು?

ಬೊಕ್ಕಸಕ್ಕೆ ಹೊರೆಯಾಗುತ್ತದೆ ಎನ್ನಬಹುದು. ಆದರೆ ಆ ಅನುಭವದ ಫಲ ಉಣ್ಣುವವರು ಆ ದೇಶದ ಮಕ್ಕಳೇ. ಬೇರೊಂದು ದೇಶ ತನ್ನ ಖರ್ಚಿನಲ್ಲಿ ತಯಾರಿಸಿದ ಉಪಾಧ್ಯಾಯ ಪುಕ್ಕಟೆಯಾಗಿ ಬಂದಿದ್ದಾನೆ. ಅವನ ವರ್ಷಗಳಿಗೂ ಬೆಲೆ ಕಟ್ಟದಿದ್ದರೆ ಅದು ಮಿತವ್ಯಯವಲ್ಲ, ಶೋಷಣೆ.

ಆದುದರಿಂದ ನಿಯಮ ಬರಹದಲ್ಲಿರಬೇಕು. ದಾಖಲೆ ಪರಿಶೀಲಿಸಿ, ಸಮಾನ ಸೇವೆಯೆಂದು ಕಂಡರೆ ವರ್ಷಕ್ಕೆ ವರ್ಷ ಜಮೆಯಾಗಬೇಕು. ಅದನ್ನು ಪಡೆಯುವ ದಾರಿಯನ್ನು ಆಸ್ಟ್ರಿಯಾದ ಸಂಘ ತೋರಿಸಿದೆ. ಶಾಲೆಯಾಗಲಿ, ಮಿಲ್ಲಾಗಲಿ, ಒಬ್ಬೊಬ್ಬರೇ ಬೇಡಿದರೆ ಸಿಗುವುದು ಕೃಪೆ, ಕೂಡಿ ಕೇಳಿದರೆ ಸಿಗುವುದು ಹಕ್ಕು.