ನೆಗಡಿ ಬಂತೆಂದು ಮೂಗು ಕೊಯ್ಯಬೇಡಿ

‘ಪೊಲೀಸರ ಮಾತು ಕದ್ದು ಕೇಳ್ತೀಯಲ್ಲ, ನಾಚಿಕೆ ಆಗಲ್ವಾ?’ ಕ್ಯಾಲಿಫೋರ್ನಿಯಾದ ನಮ್ಮನೆ ಅಡುಗೆಮನೆ ಕಿಟಕಿಯಲ್ಲಿದ್ದ ಸ್ಕ್ಯಾನರ್ ನೋಡಿ, ಬೆಂಗಳೂರಿಂದ ಬಂದ ಗೆಳೆಯ ಕೇಳಿದ. ಕದಿಯೋದು ಎಲ್ಲಿಂದ ಬಂತು ಮಾರಾಯ? ಎನ್‌ಕ್ರಿಪ್ಟ್ ಮಾಡದ ಪೊಲೀಸ್ ರೇಡಿಯೋ ಕೇಳಲು ಅಮೆರಿಕದ 1986ರ ಕೇಂದ್ರ ಕಾನೂನೇ ಅವಕಾಶ ಕೊಟ್ಟಿದೆ.

ಹಳೇ ಪದ್ಧತಿ ಸರಳ. ಪೊಲೀಸರಿಗೊಂದು ಫ್ರೀಕ್ವೆನ್ಸಿ, ಅಗ್ನಿಶಾಮಕದವರಿಗೊಂದು. ಸ್ಕ್ಯಾನರ್ ಒಂದೊಂದನ್ನೇ ತಡಕುತ್ತಾ ಹೋಗಿ, ಮಾತು ಸಿಕ್ಕಿದಲ್ಲಿ ನಿಲ್ಲುತ್ತೆ. ಟ್ರಂಕಿಂಗ್‌ನಲ್ಲಿ ಹಲವು ಇಲಾಖೆಗಳು ಕೆಲವೇ ಫ್ರೀಕ್ವೆನ್ಸಿಗಳನ್ನು ಹಂಚಿಕೊಳ್ಳುತ್ತವೆ, ಬ್ಯಾಂಕಿನಲ್ಲಿ ಟೋಕನ್ ಹಿಡಿದು ಖಾಲಿಯಾದ ಕೌಂಟರಿಗೆ ಹೋದ ಹಾಗೆ. ಯಾವ ಗುಂಪಿನ ಮಾತಿಗೆ ಯಾವ ಫ್ರೀಕ್ವೆನ್ಸಿ ಅಂತ ಕಂಟ್ರೋಲ್ ಚಾನೆಲ್ ಸಾರುತ್ತಲೇ ಇರುತ್ತೆ. ಸ್ಕ್ಯಾನರ್ ಅದನ್ನು ಕೇಳಿಸಿಕೊಂಡು ನಮಗೆ ಬೇಕಾದ ಟಾಕ್‌ಗ್ರೂಪಿನ ಬೆನ್ನು ಹತ್ತುತ್ತೆ.

ಆದ್ದರಿಂದ ‘ಹೊಸ ಡಿಜಿಟಲ್ ವ್ಯವಸ್ಥೆ ಬಂತು, ಇನ್ನು ಕೇಳಿಸಲ್ಲ’ ಅನ್ನೋದು ಬರೀ ಸಬೂಬು. ನಮ್ಮ ಕಿವಿ ಮುಚ್ಚಿಸೋದು ಟ್ರಂಕಿಂಗ್ ಅಲ್ಲ, ಎನ್‌ಕ್ರಿಪ್ಶನ್. ಅದು ಯಂತ್ರದ ಅನಿವಾರ್ಯತೆಯಲ್ಲ, ಕುರ್ಚಿಯಲ್ಲಿ ಕೂತವರ ಆಯ್ಕೆ.

ಒಂದು ರಾತ್ರಿ ನಮ್ಮ ಬೀದಿಯ ಮೇಲೆ ಹೆಲಿಕಾಪ್ಟರ್ ಗಿರಕಿ ಹೊಡೀತಿತ್ತು. ಸ್ಕ್ಯಾನರಿನ ಪರದೆ ಮೇಲೆ ಪೊಲೀಸರ ಟಾಕ್‌ಗ್ರೂಪ್ ಮಿನುಗುತ್ತಿದೆ, ದನಿ ಮಾತ್ರ ಇಲ್ಲ. ಬಾಗಿಲು ಹಾಕಿಕೊಳ್ಳಬೇಕೋ, ಮಕ್ಕಳನ್ನು ಕಾರಿಗೆ ಹತ್ತಿಸಬೇಕೋ ತಿಳಿಯದೆ ಕೂತೆವು. ಪ್ರಕಟಣೆ ಬಂದದ್ದು ಮರುದಿನ ಬೆಳಿಗ್ಗೆ.

ಖಾಸಗಿತನದ ವಾದವನ್ನು ನಾನು ತಳ್ಳಿಹಾಕಲ್ಲ. ಏಟು ತಿಂದ ಹೆಂಗಸಿನ ಹೆಸರು, ವಿಳಾಸ ಊರಿಗೆಲ್ಲ ಕೇಳಿಸಬಾರದು. ಆದರೆ 2020ರ ಅಕ್ಟೋಬರಿನಲ್ಲಿ ರಾಜ್ಯದ ನ್ಯಾಯ ಇಲಾಖೆ ಎರಡು ದಾರಿ ತೋರಿಸಿತ್ತು: ಎನ್‌ಕ್ರಿಪ್ಟ್ ಮಾಡಿ, ಇಲ್ಲವೇ ಅಂಥ ವಿವರಗಳು ಬಹಿರಂಗ ಚಾನೆಲ್ಲಿಗೆ ಬರದಂತೆ ನಿಯಮ ಮಾಡಿ. ಎಷ್ಟೋ ಊರುಗಳು ಮೊದಲನೆಯದಕ್ಕೇ ಜೋತುಬಿದ್ದವು. ಪಾಲೋ ಆಲ್ಟೋ ಕೂಡ 2021ರ ಜನವರಿಯಲ್ಲಿ ಬೀಗ ಜಡಿಯಿತು. ಜನ ಗಲಾಟೆ ಮಾಡಿದ ಮೇಲೆ 2022ರ ಸೆಪ್ಟೆಂಬರಿನಲ್ಲಿ ತೆಗೆಯಿತು. ಅಂದರೆ, ಮನಸ್ಸಿದ್ದರೆ ಆಗುತ್ತೆ.

‘ಕಳ್ಳರೂ ಕೇಳ್ತಾರಲ್ಲ?’ ಅಂತೀರಾ. ಸರಿ, ಗುಪ್ತ ಕಾರ್ಯಾಚರಣೆಯ ಟಾಕ್‌ಗ್ರೂಪಿಗೆ ಮಾತ್ರ ಬೀಗ ಹಾಕಿ. ಟ್ರಂಕಿಂಗ್‌ನಲ್ಲಿ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದಿಡಬಹುದು. ನೆಗಡಿ ಬಂತು ಅಂತ ಮೂಗನ್ನೇ ಕೊಯ್ಯೋದು ಯಾಕೆ?

ಆ ರೇಡಿಯೋಗಳಿಗೆ ದುಡ್ಡು ಕೊಟ್ಟವರು ನಾವು. ನಮ್ಮ ಬೀದಿಯಲ್ಲಿ ಏನು ನಡೀತಿದೆ ಅಂತ ಅವತ್ತೇ ತಿಳಿಯೋ ಹಕ್ಕು ನಮಗಿದೆ. ಮರುದಿನದ ಪ್ರಕಟಣೆ ಅದಕ್ಕೆ ಬದಲಿ ಅಲ್ಲ.