ಬತಾಯ್ನಿತ್ಸಾದ ವಾಯುನೆಲೆ ಮತ್ತು ಗೋರಿಗಳು

2017ರ ಅಕ್ಟೋಬರ್ ತಿಂಗಳ ಆರಂಭದಲ್ಲಿ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ಗೆ ಹೊಂದಿಕೊಂಡಿರುವ ಬತಾಯ್ನಿತ್ಸಾ ವಾಯುನೆಲೆಗೆ ಆರು ಮಿಗ್-29 ಯುದ್ಧ ವಿಮಾನಗಳು ಬಂದು ತಲುಪಿದವು. ರಶ್ಯದ ದೈತ್ಯ ಸರಕು ವಿಮಾನದಲ್ಲಿ, ರೆಕ್ಕೆಗಳನ್ನು ಕಳಚಿದ ಸ್ಥಿತಿಯಲ್ಲಿ ಅವುಗಳನ್ನು ತರಲಾಗಿತ್ತು. ಅದು ರಶ್ಯವು ತನ್ನ ಸ್ಲಾವ್ ಸಹೋದರನಿಗೆ ಕೊಟ್ಟ ಉಡುಗೊರೆ ಎಂದು ಸಾರಲಾಯಿತು. ಆದರೆ ಅವು ಹಾರುವಂತಾಗಲು ಬೇಕಾದ ದುರಸ್ತಿ ಹಾಗೂ ಆಧುನೀಕರಣದ ಖರ್ಚನ್ನು ಸರ್ಬಿಯಾವೇ ಭರಿಸಬೇಕಿತ್ತು. ಆನೆಯನ್ನು ದಾನವಾಗಿ ಪಡೆದವನಿಗೆ ಅದರ ಮೇವಿನ ಚಿಂತೆ ತಪ್ಪಿದ್ದಲ್ಲ. ಅದೇ ತಿಂಗಳ 20ರಂದು, ನಾಝಿಗಳಿಂದ ಬೆಲ್‌ಗ್ರೇಡ್ ವಿಮೋಚನೆಗೊಂಡ ದಿನದ ನೆನಪಿನಲ್ಲಿ, ಅಲ್ಲಿ ಸೈನಿಕ ಪ್ರದರ್ಶನವೂ ನಡೆಯಿತು.

ಬತಾಯ್ನಿತ್ಸಾ ಎಂಬ ಹೆಸರನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ಕೇಳಿರಲಾರರು. ಆದರೆ ಕೊಸೊವೊದ ತಾಯಂದಿರಿಗೆ ಆ ಹೆಸರು ಚೆನ್ನಾಗಿ ಗೊತ್ತು. 1999ರ ಎಪ್ರಿಲ್‌ನಲ್ಲಿ ಪೂರ್ವ ಸರ್ಬಿಯಾದ ಡಾನ್ಯೂಬ್ ನದಿಯಲ್ಲಿ ಒಂದು ಶೀತಲೀಕೃತ ಟ್ರಕ್ ತೇಲಿ ಬಂತು. ಅದರೊಳಗಿದ್ದುದು ಮಾಂಸವೋ ಮೀನೋ ಅಲ್ಲ, ಕೊಸೊವೊದ ಅಲ್ಬೇನಿಯನ್ನರ ಶವಗಳು. ಆ ಶವಗಳನ್ನು ಗುಟ್ಟಾಗಿ ಬತಾಯ್ನಿತ್ಸಾದ ಪೊಲೀಸ್ ತರಬೇತಿ ಕೇಂದ್ರಕ್ಕೆ ಒಯ್ದು ಹೂಳಲಾಯಿತು. ಬೇರೆ ಟ್ರಕ್‌ಗಳೂ ಅಲ್ಲಿಗೆ ಬಂದವು. ಮಿಲೊಸೆವಿಚ್ ಪದಚ್ಯುತನಾದ ಬಳಿಕ 2001ರಲ್ಲಿ ಆ ನೆಲವನ್ನು ಅಗೆದಾಗ ಏಳುನೂರಕ್ಕೂ ಅಧಿಕ ಮಂದಿಯ ಅವಶೇಷಗಳು ದೊರೆತವು. ಸುವಾ ರೇಕಾ ಪಟ್ಟಣದ ಒಂದೇ ಕುಟುಂಬದ ಹಲವರು, ಪುಟ್ಟ ಮಕ್ಕಳೂ ಸೇರಿದಂತೆ, ಅವರಲ್ಲಿದ್ದರು. ಕಫನ್ ಇಲ್ಲ, ಜನಾಝಾ ನಮಾಝ್ ಇಲ್ಲ, ಗೋರಿಯ ಮೇಲೊಂದು ಗುರುತಿನ ಕಲ್ಲೂ ಇಲ್ಲ. ಈ ಕೃತ್ಯದ ಹೊಣೆಗಾರರಲ್ಲೊಬ್ಬನಾದ ಹಿರಿಯ ಪೊಲೀಸ್ ಅಧಿಕಾರಿ ವ್ಲಾಸ್ತಿಮಿರ್ ಜೋರ್ಜೆವಿಚ್‌ಗೆ ಹೇಗ್‌ನ ನ್ಯಾಯಮಂಡಳಿಯು 2011ರಲ್ಲಿ 27 ವರ್ಷಗಳ ಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಅದು 18 ವರ್ಷಗಳಿಗೆ ಇಳಿಯಿತು.

ಇಷ್ಟನ್ನು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ನಾವು ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುತ್ತದೆ. 1999ರ ಎಪ್ರಿಲ್ 17ರ ರಾತ್ರಿ ಅದೇ ಬತಾಯ್ನಿತ್ಸಾದಲ್ಲಿ ಮೂರು ವರ್ಷ ಪ್ರಾಯದ ಸರ್ಬ್ ಹೆಣ್ಣು ಮಗುವೊಂದು ತನ್ನ ಮನೆಯೊಳಗೇ ನೇಟೋ ಬಾಂಬಿನ ಚೂರು ತಗಲಿ ಸತ್ತಿತು. ಆ ವರ್ಷದ ಮಾರ್ಚ್ 24ರಿಂದ ಜೂನ್ 10ರ ತನಕ 78 ದಿನಗಳ ಕಾಲ ಅಮೇರಿಕ ಮತ್ತದರ ಮಿತ್ರರಾಷ್ಟ್ರಗಳು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅನುಮತಿಯಿಲ್ಲದೆ ಬಾಂಬ್ ಸುರಿಸಿದವು. ಗ್ರದೆಲಿತ್ಸಾದ ಸೇತುವೆಯ ಮೇಲಿದ್ದ ಪ್ರಯಾಣಿಕರ ರೈಲು, ನಿಶ್ ನಗರದ ಮಾರುಕಟ್ಟೆ, ಬೆಲ್‌ಗ್ರೇಡ್‌ನ ಟಿವಿ ಕೇಂದ್ರದ 16 ಮಂದಿ ನೌಕರರು ಅದಕ್ಕೆ ಬಲಿಯಾದರು. ಯಾರನ್ನು ರಕ್ಷಿಸುತ್ತೇವೆಂದು ಹೊರಟಿದ್ದರೋ ಅದೇ ಅಲ್ಬೇನಿಯನ್ ನಿರಾಶ್ರಿತರ ಸಾಲಿನ ಮೇಲೂ ಎಪ್ರಿಲ್ 14ರಂದು ಬಾಂಬ್ ಬಿತ್ತು. ಹ್ಯೂಮನ್ ರೈಟ್ಸ್ ವಾಚ್‌ನ ತನಿಖೆಯ ಪ್ರಕಾರ ಆ ದಾಳಿಗಳಲ್ಲಿ ಸುಮಾರು 500 ನಾಗರಿಕರು ಸತ್ತಿದ್ದರು. ಆ ಮಗುವಿನ ಹೆತ್ತವರ ಕಣ್ಣೀರು ನಮ್ಮ ಪಾಲಿಗೆ ಕಡಿಮೆ ಉಪ್ಪಿನದ್ದಾಗಬೇಕೇ? ಆ ಮಗುವಿಗೆ ಬೆಲ್‌ಗ್ರೇಡ್‌ನಲ್ಲಿ ಸ್ಮಾರಕವಿದೆ. ಇರಬೇಕಾದುದೇ. ಆದರೆ ಅಲ್ಲೇ ಹೂತು ತೆಗೆದ ಆ ಏಳುನೂರು ಮಂದಿಯ ನೆನಪಿಗೆ ಸರ್ಬಿಯಾದ ಸರಕಾರ ಒಂದು ಕಲ್ಲನ್ನೂ ನಿಲ್ಲಿಸಿಲ್ಲ.

ದೂರದ ಬಾಲ್ಕನ್ ದೇಶದ ವಿಮಾನಗಳ ಬಗ್ಗೆ ಈಗೇಕೆ ಬರೆಯಬೇಕು ಎಂದು ಕೇಳುವವರಿರಬಹುದು. ಇರಾಕನ್ನು ಧ್ವಂಸಗೊಳಿಸಿದ, ಗಾಝಾದ ಮೇಲೆ ಬೀಳುವ ಬಾಂಬುಗಳನ್ನು ಒದಗಿಸಿದ ಅಮೇರಿಕದ ಮೇಲಿನ ಸಿಟ್ಟಿನಿಂದ ನಮ್ಮ ಯುವಕರಲ್ಲಿ ಅನೇಕರು ಪುಟಿನ್‌ರನ್ನು ಕೊಂಡಾಡುವುದನ್ನು ನಾವು ಕಾಣುತ್ತಿದ್ದೇವೆ. ರಶ್ಯದ ಹೊಸ ವಿಮಾನದ ಚಿತ್ರ ಮೊಬೈಲ್‌ನಲ್ಲಿ ಬಂದರೆ ಅದನ್ನು ಹತ್ತು ಮಂದಿಗೆ ಕಳುಹಿಸುವ ಹುರುಪು ನಮ್ಮ ಮನೆಗಳಲ್ಲೂ ಇದೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ರಶ್ಯದ ಸುಖೋಯ್-57 ಮತ್ತು ಅಮೇರಿಕದ ಎಫ್-35 ಒಟ್ಟಿಗೇ ಬಂದಾಗ, ಇದು ನಮ್ಮದು ಅದು ಅವರದು ಎಂಬಂತೆ ವಾದಿಸಿದವರೂ ಇದ್ದರು. ಸುಖೋಯ್ ನಮ್ಮದು ಆದದ್ದು ಯಾವಾಗ?

1994ರಿಂದ ಎರಡು ಯುದ್ಧಗಳಲ್ಲಿ ಚೆಚೆನ್ಯದ ರಾಜಧಾನಿ ಗ್ರೋಝ್ನಿಯನ್ನು ಕಲ್ಲುರಾಶಿಯಾಗಿಸಿದ್ದು ರಶ್ಯದ ವಾಯುಪಡೆಯೂ ಫಿರಂಗಿಗಳೂ. 2008ರಲ್ಲಿ ಪುಟ್ಟ ಜಾರ್ಜಿಯಾದೊಂದಿಗಿನ ಐದು ದಿನಗಳ ಯುದ್ಧದಲ್ಲಿ ರಶ್ಯ ಗೆದ್ದಿತಾದರೂ ದೂರಗಾಮಿ ಬಾಂಬರ್ ಒಂದೂ ಸೇರಿದಂತೆ ಹಲವು ವಿಮಾನಗಳನ್ನು ಕಳಕೊಂಡು ಮುಖಭಂಗ ಅನುಭವಿಸಿತು. ಸೇನೆಯ ಆಧುನೀಕರಣ ಬಿರುಸುಗೊಂಡದ್ದು ಆ ಬಳಿಕ. 2011ರಿಂದ 2020ರ ವರೆಗಿನ ಯೋಜನೆಗೆ ಸುಮಾರು 20 ಲಕ್ಷ ಕೋಟಿ ರೂಬಲ್‌ಗಳನ್ನು ಗೊತ್ತುಪಡಿಸಲಾಯಿತು. ಹೀಗೆ ತಯಾರಾದ ಆಯುಧಗಳನ್ನು ಎಲ್ಲಿ ಪರೀಕ್ಷಿಸಲಾಯಿತು? 2015ರ ಸೆಪ್ಟೆಂಬರ್ 30ರಿಂದ ಸಿರಿಯಾದಲ್ಲಿ. ಅಲ್ಲಿ 200ಕ್ಕೂ ಹೆಚ್ಚು ಬಗೆಯ ಹೊಸ ಶಸ್ತ್ರಾಸ್ತ್ರಗಳನ್ನು ಪರೀಕ್ಷಿಸಿದ್ದೇವೆಂದು ರಶ್ಯದ ರಕ್ಷಣಾ ಇಲಾಖೆಯೇ ಬಹಿರಂಗವಾಗಿ ಹೇಳಿಕೊಂಡಿತು. ಹೊಸ ಪಂಪ್‌ಸೆಟ್ಟನ್ನು ಪ್ರದರ್ಶನದಲ್ಲಿ ಓಡಿಸಿ ತೋರಿಸಿದಷ್ಟೇ ಸಹಜವಾಗಿ ಅದನ್ನು ಹೇಳಲಾಯಿತು. 2019ರ ಜುಲೈ 22ರಂದು ಮಅರ್ರತುನ್ನುಅಮಾನ್ ಪಟ್ಟಣದ ಸಂತೆಯ ಮೇಲೆ ನಡೆದ ದಾಳಿಯಲ್ಲಿ ಕನಿಷ್ಠ 43 ನಾಗರಿಕರು ಸತ್ತರು. ದಾಳಿ ನಡೆಸಿದ್ದು ರಶ್ಯದ ವಿಮಾನವೆಂದು ವಿಶ್ವಸಂಸ್ಥೆಯ ತನಿಖಾ ಆಯೋಗವು ಮರುವರ್ಷ ವರದಿ ನೀಡಿತು. ತರಕಾರಿ ಕೊಳ್ಳಲು ಹೋದ ಆ ಮಂದಿಯ ಮೇಲೆ ಬಿದ್ದ ಬಾಂಬು ಅಮೇರಿಕದ್ದಲ್ಲ ಎಂಬುದರಿಂದ ಅವರಿಗೆ ಯಾವ ಸಮಾಧಾನ ದೊರೆತೀತು?

ಬೋಸ್ನಿಯಾದ ಪಾಠವಂತೂ ಇನ್ನೂ ಕಹಿ. 1991ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯು ಇಡೀ ಯುಗೊಸ್ಲಾವಿಯಾಕ್ಕೆ ಶಸ್ತ್ರಾಸ್ತ್ರ ಮಾರುವುದನ್ನು ನಿಷೇಧಿಸಿತು. ಕಾಗದದ ಮೇಲೆ ಅದು ಎಲ್ಲರಿಗೂ ಸಮಾನ. ಆದರೆ ಹಳೆಯ ಯುಗೊಸ್ಲಾವ್ ಸೇನೆಯ ವಿಮಾನ, ಟ್ಯಾಂಕು, ಫಿರಂಗಿಗಳು ಸರ್ಬ್ ಪಡೆಗಳ ಕೈಯಲ್ಲಿ ಆಗಲೇ ಇದ್ದವು. ಬರಿಗೈಯಲ್ಲಿದ್ದವರಿಗೆ ಮಾತ್ರ ನಿಷೇಧ ತಟ್ಟಿತು. 1995ರ ಜುಲೈನಲ್ಲಿ ವಿಶ್ವಸಂಸ್ಥೆಯ ‘ಸುರಕ್ಷಿತ ವಲಯ’ವಾಗಿದ್ದ ಸ್ರೆಬ್ರೆನಿಕಾ ಬಿದ್ದಾಗ ನೇಟೋದ ಎರಡು ವಿಮಾನಗಳು ಒಂದಿಷ್ಟು ಬಾಂಬ್ ಹಾಕಿ ಹಿಂದಿರುಗಿದವು. ಮುಂದಿನ ದಿನಗಳಲ್ಲಿ 8,000ದಷ್ಟು ಪುರುಷರನ್ನೂ ಹುಡುಗರನ್ನೂ ಕೊಲ್ಲಲಾಯಿತು. ಅದನ್ನು ಜನಾಂಗ ಹತ್ಯೆಯೆಂದು ಖಂಡಿಸುವ ನಿರ್ಣಯವನ್ನು 2015ರಲ್ಲಿ ಭದ್ರತಾ ಮಂಡಳಿಯಲ್ಲಿ ವಿಟೋ ಚಲಾಯಿಸಿ ತಡೆದದ್ದು ಇದೇ ರಶ್ಯ. 2024ರ ಮೇಯಲ್ಲಿ ಜುಲೈ 11ನ್ನು ಸ್ಮರಣಾ ದಿನವಾಗಿ ಆಚರಿಸುವ ನಿರ್ಣಯವು ಮಹಾಸಭೆಯ ಮುಂದೆ ಬಂದಾಗ 84 ರಾಷ್ಟ್ರಗಳು ಪರವಾಗಿ, 19 ವಿರುದ್ಧವಾಗಿ ಮತ ನೀಡಿದವು. 68 ರಾಷ್ಟ್ರಗಳು ಮತದಾನದಿಂದ ದೂರ ಉಳಿದವು. ನಮ್ಮ ಭಾರತವೂ ದೂರ ಉಳಿದವರ ಸಾಲಿನಲ್ಲಿತ್ತು ಎಂಬುದನ್ನು ವಿಷಾದದಿಂದಲೇ ದಾಖಲಿಸಬೇಕಾಗಿದೆ.

ಇನ್ನು ಸರ್ಬಿಯಾದ ಖರೀದಿಯ ಪಟ್ಟಿಯನ್ನು ನೋಡಿ. ರಶ್ಯದ ಮಿಗ್ ಮತ್ತು ಪಾಂತ್ಸಿರ್ ವಾಯು ರಕ್ಷಣಾ ವ್ಯವಸ್ಥೆ. 2022ರಲ್ಲಿ ಚೀನಾದ ಕ್ಷಿಪಣಿಗಳು. ಯುಕ್ರೇನ್ ಯುದ್ಧದ ಬಳಿಕ ರಶ್ಯದಿಂದ ಸಾಮಗ್ರಿ ತರಿಸುವ ದಾರಿ ಮುಚ್ಚಿದಾಗ, 2024ರ ಆಗಸ್ಟ್ 29ರಂದು ಫ್ರಾನ್ಸ್‌ನಿಂದ 12 ರಫೇಲ್ ವಿಮಾನಗಳನ್ನು ಕೊಳ್ಳುವ ಒಪ್ಪಂದವಾಯಿತು. ಬೆಲೆ 270 ಕೋಟಿ ಯೂರೋ. 1999ರಲ್ಲಿ ಬೆಲ್‌ಗ್ರೇಡ್‌ನ ಮೇಲೆ ದಾಳಿ ನಡೆಸಿದ ಕೂಟದಲ್ಲಿ ಫ್ರಾನ್ಸ್ ಕೂಡಾ ಇತ್ತು. ಒಪ್ಪಂದ ಮಾಡಿಕೊಂಡ ಅಧ್ಯಕ್ಷ ಅಲೆಕ್ಸಾಂಡರ್ ವುಚಿಚ್ ಆ ದಿನಗಳಲ್ಲಿ ಮಿಲೊಸೆವಿಚ್ ಆಡಳಿತದಲ್ಲಿ ವಾರ್ತಾ ಸಚಿವರಾಗಿದ್ದರು. ಮಾರಿದವರಿಗೂ ಕೊಂಡವರಿಗೂ ಹಳೆಯದು ನೆನಪಾಗಲಿಲ್ಲ. ಮತ್ತೊಂದೆಡೆ ಗಾಝಾದಲ್ಲಿ ನರಮೇಧ ನಡೆಯುತ್ತಿದ್ದ 2024ರಲ್ಲಿ ಸರ್ಬಿಯಾದಿಂದ ಇಸ್ರೇಲಿಗೆ ಹೋದ ಶಸ್ತ್ರಾಸ್ತ್ರಗಳ ಮೌಲ್ಯ 4 ಕೋಟಿ ಯೂರೋ ದಾಟಿತೆಂದು ಪತ್ರಕರ್ತರು ಹೊರಗೆಡಹಿದರು. ಸರ್ಬಿಯಾದಲ್ಲಿ ತಯಾರಾದ ಮದ್ದುಗುಂಡುಗಳು ಮೂರನೆಯವರ ಮೂಲಕ ಯುಕ್ರೇನ್‌ಗೂ ತಲುಪುತ್ತಿವೆ ಎಂದು ಸಹೋದರನಾದ ರಶ್ಯವೇ 2025ರಲ್ಲಿ ಸಿಡಿಮಿಡಿಗೊಂಡಿತು. ಸ್ಲಾವ್ ಬಾಂಧವ್ಯದ ಮಾತು ವೇದಿಕೆಯ ಮೇಲಿನದ್ದು. ವ್ಯಾಪಾರ ಗೋದಾಮಿನದ್ದು.

ರಫೇಲ್ ಒಪ್ಪಂದಕ್ಕೆ ಸಹಿಬಿದ್ದು ಎರಡು ತಿಂಗಳು ಕಳೆದು, ನವೆಂಬರ್ 1ರಂದು, ನೋವಿ ಸಾದ್ ನಗರದ ರೈಲು ನಿಲ್ದಾಣದ ಕಾಂಕ್ರೀಟ್ ಚಾವಣಿ ಕುಸಿದು ಬಿತ್ತು. 16 ಮಂದಿ ಸತ್ತರು. ನಿಲ್ದಾಣವನ್ನು ಆಗಷ್ಟೇ ನವೀಕರಿಸಲಾಗಿತ್ತು. ನೇಟೋದ ಬಾಂಬುಗಳು ಈ ನಗರದ ಡಾನ್ಯೂಬ್ ಸೇತುವೆಗಳನ್ನು ಕೆಡವಿದ್ದವು, ಈ ಚಾವಣಿಯನ್ನು ಕೆಡವಲು ಯಾವ ಶತ್ರುವೂ ಬರಬೇಕಾಗಲಿಲ್ಲ. ಆಗ ಪ್ರಧಾನಿಯಾಗಿದ್ದ ಮಿಲೊಶ್ ವುಚೆವಿಚ್ ಮೊದಲು ಇದೇ ನಗರದ ಮೇಯರ್, ಆ ಬಳಿಕ ದೇಶದ ರಕ್ಷಣಾ ಸಚಿವ. ವಿದ್ಯಾರ್ಥಿಗಳು ಬೀದಿಗಿಳಿದರು. ಭ್ರಷ್ಟಾಚಾರವೇ ಈ ಸಾವುಗಳಿಗೆ ಕಾರಣವೆಂದರು. 2025ರ ಜನವರಿಯಲ್ಲಿ ಪ್ರಧಾನಿ ರಾಜೀನಾಮೆ ಘೋಷಿಸಬೇಕಾಯಿತು.

ಆ ಚಳವಳಿಯಲ್ಲಿ ಸರ್ಬಿಯಾದ ನೈಋತ್ಯ ಮೂಲೆಯ ನೋವಿ ಪಝಾರ್‌ನ ವಿದ್ಯಾರ್ಥಿಗಳೂ ಇದ್ದರು. ಮಸೀದಿಗಳ ಆ ಪಟ್ಟಣದ ಬಹುಸಂಖ್ಯಾತರು ಬೋಸ್ನಿಯಾಕ್ ಮುಸ್ಲಿಮರು. ಮೂರು ದಶಕಗಳಿಂದ ಅವರನ್ನು ಒಳಗಿನ ಶತ್ರುಗಳೆಂದು ಬಿಂಬಿಸಲಾಗಿತ್ತು. ಶಿರವಸ್ತ್ರ ಧರಿಸಿದ ಹೆಣ್ಣುಮಕ್ಕಳು ಸರ್ಬ್ ವಿದ್ಯಾರ್ಥಿಗಳ ಜೊತೆ ಒಂದೇ ಸಾಲಿನಲ್ಲಿ ನಡೆದರು. 2025ರ ಎಪ್ರಿಲ್‌ನಲ್ಲಿ ದೇಶದ ನಾನಾ ಕಡೆಗಳಿಂದ ಸರ್ಬ್ ವಿದ್ಯಾರ್ಥಿಗಳು ನೋವಿ ಪಝಾರ್‌ಗೇ ಬಂದರು. ಚಾವಣಿ ಕುಸಿದು ವರ್ಷ ತುಂಬಿದಾಗ ನೋವಿ ಪಝಾರ್‌ನ ವಿದ್ಯಾರ್ಥಿಗಳು ನೋವಿ ಸಾದ್‌ಗೆ 16 ದಿನಗಳ ಕಾಲ್ನಡಿಗೆ ಕೈಗೊಂಡರು. ಸತ್ತವರು 16 ಮಂದಿಯಲ್ಲವೇ, ಒಬ್ಬೊಬ್ಬರಿಗೆ ಒಂದೊಂದು ದಿನ.